ಪ್ರೇರಿ ಡಾಗ್ ಬೇಟೆ: ನಂಬಿದ್ದೆಷ್ಟು, ನಿಜವೆಷ್ಟು?

ಏಪ್ರಿಲ್ ಬಂತೆಂದರೆ ಅಮೆರಿಕದ ಮೊಂಟಾನಾ, ವಯೋಮಿಂಗ್, ಸೌತ್ ಡಕೋಟಾ, ಕೊಲರಾಡೊ ರಾಜ್ಯಗಳ ಹುಲ್ಲುಗಾವಲುಗಳಲ್ಲಿ ವಾರಾಂತ್ಯದ ಬಂದೂಕಿನ ಸದ್ದು ಶುರುವಾಗುತ್ತದೆ. ನಾಲ್ಕೈದು ಮಂದಿ ಸ್ನೇಹಿತರು ಪಿಕಪ್ ಟ್ರಕ್ ಹತ್ತಿ ಪರಿಚಯದವರ ದನ ಸಾಕುವ ಜಮೀನಿಗೆ, ಅಂದರೆ ರಾಂಚ್‌ಗೆ ಹೋಗುತ್ತಾರೆ. ಮಡಚುವ ಮೇಜು ಹಾಕಿ, ಮರಳಿನ ಚೀಲದ ಮೇಲೆ ರೈಫಲ್ ಊರಿ, ಇನ್ನೂರು ಮುನ್ನೂರು ಗಜದಾಚೆ ಬಿಲದ ಬಾಯಲ್ಲಿ ಎರಡೇ ಕಾಲಿನ ಮೇಲೆ ಎದ್ದು ನಿಂತ ಪ್ರೇರಿ ಡಾಗ್ ಎಂಬ ಅಳಿಲು ಜಾತಿಯ ಪ್ರಾಣಿಗೆ ಗುರಿಯಿಡುತ್ತಾರೆ. ನಳಿಗೆ ಕಾದರೆ ಅದನ್ನು ಆರಲು ಬಿಟ್ಟು ಇನ್ನೊಂದು ರೈಫಲ್ ಎತ್ತಿಕೊಳ್ಳುತ್ತಾರೆ. ಅಲ್ಲಿನವರು ಇದನ್ನು ವಾರ್ಮಿಂಟ್ ಶೂಟಿಂಗ್ ಎನ್ನುತ್ತಾರೆ. ಡೆನ್ವರ್ ಕಡೆ ಕೆಲಸಕ್ಕಿರುವ ನಮ್ಮವರಿಗೂ ಸಹೋದ್ಯೋಗಿಗಳಿಂದ ಇದಕ್ಕೆ ಕರೆ ಬರುವುದುಂಟು. ಹೋಗುವುದು ಬಿಡುವುದು ಅವರವರ ಇಷ್ಟ. ಆದರೆ ಇದರ ಸುತ್ತ ಬೆಳೆದಿರುವ ನಂಬಿಕೆಗಳನ್ನು ನಿಜವೆಂದುಕೊಂಡು ಹೋಗಬಾರದು.

ಮೊದಲನೆಯದು, ಬಿಲಕ್ಕೆ ಕಾಲು ಸಿಕ್ಕಿ ದನ, ಕುದುರೆಗಳ ಕಾಲು ಮುರಿಯುತ್ತದೆ ಎಂಬ ಮಾತು. ತಲೆಮಾರುಗಳಿಂದ ಕೇಳಿಬರುವ ದೂರು ಇದು. ಆದರೆ ಖಚಿತವಾಗಿ ದಾಖಲಾದ ಪ್ರಕರಣಗಳು ತೀರಾ ವಿರಳ.

‘ದನದ ಮೇವನ್ನೆಲ್ಲ ಇವೇ ತಿಂದುಹಾಕುತ್ತವೆ’ ಎಂಬ ಮಾತನ್ನು ಮಾತ್ರ ಹಾಗೆ ತಳ್ಳಿಹಾಕಲಾಗದು. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿನ ಕೃಷಿ ಇಲಾಖೆಯ ಸಿ. ಹಾರ್ಟ್ ಮೆರಿಯಂ, 256 ಪ್ರೇರಿ ಡಾಗ್‌ಗಳು ಸೇರಿದರೆ ಒಂದು ಹಸುವಿನಷ್ಟು ಮೇಯುತ್ತವೆ ಎಂದು ಲೆಕ್ಕ ಕೊಟ್ಟರು. ಆದರೆ ದನ ತಿನ್ನುವುದನ್ನೇ ಅವೂ ತಿನ್ನುತ್ತವೆ, ತಿಂದಷ್ಟೂ ನಷ್ಟ ಎಂದುಕೊಂಡರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ. ಬಿಲಗಳ ಸುತ್ತ ಮತ್ತೆ ಮತ್ತೆ ಮೇಯ್ದು ಚಿಗುರುವ ಹುಲ್ಲು ಎಳೆಯದು, ಅದರಲ್ಲಿ ಸಾರಜನಕ ಹೆಚ್ಚು. ಬೈಸನ್ ಎಂಬ ಅಮೆರಿಕದ ಕಾಡೆಮ್ಮೆಗಳು ಅಲ್ಲಿಗೇ ಹುಡುಕಿಕೊಂಡು ಬಂದು ಮೇಯುತ್ತವೆ. ಈಶಾನ್ಯ ಕೊಲರಾಡೊದ ಹುಲ್ಲುಗಾವಲಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಹೆಚ್ಚು ನಂಬುವಂಥದ್ದು. ಹುಲ್ಲುಗಾವಲಿನ ಶೇ. 20ರಷ್ಟು ಜಾಗವನ್ನು ಪ್ರೇರಿ ಡಾಗ್‌ಗಳು ಹಿಡಿದಾಗ ಹೋರಿಗಳ ತೂಕದಿಂದ ಬರುವ ಆದಾಯ ಸುಮಾರು ಶೇ. 5.5ರಷ್ಟು ತಗ್ಗಿತು. ಶೇ. 60 ಜಾಗ ಹಿಡಿದಾಗ ಸುಮಾರು ಶೇ. 14ರಷ್ಟು. ಅಂದರೆ ರಾಂಚಿನವನ ನಷ್ಟ ನಿಜ. ಬರಗಾಲದಲ್ಲಿ ಅದು ಅವನನ್ನು ಹಿಂಡಲೂಬಹುದು. ಆದರೆ ಹೇಳಿಕೊಂಡು ಬಂದಷ್ಟು ದೊಡ್ಡದಲ್ಲ.

ನನ್ನನ್ನು ಹೆಚ್ಚು ಕಾಡುವುದು ಮುಂದಿನ ನಂಬಿಕೆ. ‘ಇಲಿಗಳ ಹಾಗೆ ಹೆರುತ್ತವೆ, ವಸಂತದಲ್ಲಿ ಎಷ್ಟು ಹೊಡೆದರೂ ಮತ್ತೆ ತುಂಬಿಕೊಳ್ಳುತ್ತವೆ.’ ಜೀವಶಾಸ್ತ್ರಜ್ಞ ಜಾನ್ ಹೂಗ್ಲಂಡ್ ಸೌತ್ ಡಕೋಟಾದ ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನದಲ್ಲಿ ವರ್ಷಗಟ್ಟಲೆ ಕುಳಿತು ಗಮನಿಸಿದ್ದು ಇದಕ್ಕೆ ತದ್ವಿರುದ್ಧ. ಕಪ್ಪು ಬಾಲದ ಪ್ರೇರಿ ಡಾಗ್ ವರ್ಷಕ್ಕೆ ಹೆರುವುದು ಒಂದೇ ಸಲ. ಬಹುಪಾಲು ಹೆಣ್ಣುಗಳು ಎರಡನೇ ವರ್ಷದವರೆಗೆ ಮರಿ ಹಾಕುವುದೇ ಇಲ್ಲ. ಹುಟ್ಟಿದ ಮರಿಗಳಲ್ಲಿ ಅರ್ಧಕ್ಕೂ ಹೆಚ್ಚು ಮೊದಲ ವರ್ಷವೇ ಸಾಯುತ್ತವೆ. ಫೆಬ್ರುವರಿ ಕೊನೆ, ಮಾರ್ಚ್‌ನಲ್ಲಿ ಕೂಡಿ, ಸುಮಾರು 35 ದಿನ ಗರ್ಭ ಹೊತ್ತು, ಬಿಲದೊಳಗೆ ಹೆತ್ತು, ಮತ್ತೆ ಆರು ವಾರ ಹಾಲೂಡಿಸುತ್ತವೆ. ಮರಿಗಳು ಮೊದಲ ಬಾರಿ ಬೆಳಕು ಕಾಣುವುದು ಮೇ, ಜೂನ್ ಹೊತ್ತಿಗೆ. ಏಪ್ರಿಲ್‌ನಲ್ಲಿ ಬಿಲದ ಬಾಯಲ್ಲಿ ಉರುಳಿದ್ದು ಹೆಣ್ಣಾಗಿದ್ದರೆ ಅದು ಗಬ್ಬದ್ದೋ ಹಾಲೂಡಿಸುತ್ತಿರುವುದೋ ಆಗಿರುವ ಸಂಭವವೇ ಹೆಚ್ಚು. ತಾಯಿ ಸತ್ತರೆ ಒಳಗಿರುವ ಮರಿಗಳು ಹಸಿದೇ ಸಾಯುತ್ತವೆ.

ಉಳಿದವೂ ನೆಮ್ಮದಿಯಾಗಿರುವುದಿಲ್ಲ. ವಯೋಮಿಂಗ್‌ನಲ್ಲಿ ಜೊನಾಥನ್ ಪೌಲಿ ಮತ್ತು ಸ್ಟೀವನ್ ಬಸ್ಕರ್ಕ್ ನಡೆಸಿದ ಅಧ್ಯಯನದಲ್ಲಿ, ಬೇಟೆಯಿಂದ ಬದುಕುಳಿದವು ಮೇಯುವುದು ಬಿಟ್ಟು ಕಾವಲು ಕಾಯುವುದರಲ್ಲೇ ಹೊತ್ತು ಕಳೆದವು, ಬಡಕಲಾದವು, ಮರುವರ್ಷ ಅವುಗಳ ಮರಿಗಳ ಸಂಖ್ಯೆ ಕುಸಿಯಿತು. ಕೊಲರಾಡೊ ಮತ್ತು ಸೌತ್ ಡಕೋಟಾಗಳು ಸಾರ್ವಜನಿಕ ಭೂಮಿಯಲ್ಲಿ ಮಾರ್ಚ್ 1ರಿಂದ ಜೂನ್ 14ರವರೆಗೆ ಈ ಬೇಟೆಯನ್ನು ನಿಲ್ಲಿಸಿರುವುದು ಸರಿಯಾದ ಕ್ರಮ. ಖಾಸಗಿ ರಾಂಚುಗಳಿಗೆ ಆ ತಡೆ ಇಲ್ಲ. ಇರಬೇಕಿತ್ತು.

ಪ್ರೇರಿ ಡಾಗ್‌ಗಳು ಪ್ಲೇಗ್ ಹರಡುತ್ತವೆ ಎಂಬುದು ಇನ್ನೊಂದು ನಂಬಿಕೆ. ಪ್ಲೇಗ್ ಭಯ ನಮಗೂ ಅಪರಿಚಿತವಲ್ಲ. 1898ರಲ್ಲಿ ಬೆಂಗಳೂರನ್ನು ಕಂಗೆಡಿಸಿ ಬಸವನಗುಡಿ, ಮಲ್ಲೇಶ್ವರಗಳು ತಲೆಯೆತ್ತಲು ಕಾರಣವಾದ ಆ ಮಹಾಮಾರಿಯೇ ಹಡಗು ಹತ್ತಿ 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿತು. ಅಲ್ಲಿಂದ ಹುಲ್ಲುಗಾವಲಿಗೆ ಹಬ್ಬಿತು. ಆದರೆ ಪ್ರೇರಿ ಡಾಗ್‌ಗಳು ರೋಗ ಬಚ್ಚಿಟ್ಟುಕೊಂಡು ಹಂಚುವ ಪ್ರಾಣಿಗಳೆಂಬುದು ಸರಿಯಲ್ಲ. ಅವಕ್ಕೆ ಪ್ಲೇಗ್ ತಗುಲಿದರೆ ಇಡೀ ಕಾಲೊನಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಾಯುತ್ತವೆ. ಅಮೆರಿಕದಲ್ಲಿ ಮನುಷ್ಯರಿಗೆ ಪ್ಲೇಗ್ ತಗುಲುವುದು ವರ್ಷಕ್ಕೆ ಸರಾಸರಿ ಏಳು ಮಂದಿಗೆ. ಹೆದರಬೇಕಾದದ್ದು ರೋಗ ದಾಟಿಸುವ ಚಿಗಟಕ್ಕೆ. ಸತ್ತ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟಬಾರದು.

ಹಾಗಾದರೆ ಹೆಣಗಳನ್ನು ಅಲ್ಲೇ ಬಿಟ್ಟರೆ? ‘ಹದ್ದುಗಳಿಗೆ ಹಬ್ಬ’ ಎನ್ನುವವರಿದ್ದಾರೆ. ಈ ಬೇಟೆಯಲ್ಲಿ ಬಳಸುವ ಗುಂಡಿನ ತಾಮ್ರದ ಹೊದಿಕೆ ತೆಳು. ತಾಗಿದೊಡನೆ ಒಳಗಿನ ಸೀಸ ಚೂರು ಚೂರಾಗಿ ಮಾಂಸದಲ್ಲಿ ಹರಡಿಕೊಳ್ಳುತ್ತದೆ. ಪೌಲಿ ಮತ್ತು ಬಸ್ಕರ್ಕ್ ಹೆಣಗಳನ್ನು ಪರೀಕ್ಷಿಸಿದಾಗ, ಹೀಗೆ ಸಿಡಿಯುವ ಗುಂಡು ತಿಂದವುಗಳಲ್ಲಿ ಶೇ. 87ರಷ್ಟರಲ್ಲಿ ಲೋಹದ ಚೂರು ಸಿಕ್ಕಿತು. ಸಿಡಿಯದ ಗುಂಡಿನಲ್ಲಿ ಅದು ಶೇ. 7 ಮಾತ್ರ. ಆ ಹೆಣ ತಿಂದ ಹದ್ದಿನ ಹೊಟ್ಟೆಯ ಆಮ್ಲ ಸೀಸವನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ಪೂರ್ತಿ ತಾಮ್ರದ ಗುಂಡು ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ಸ್ವಲ್ಪ ಹೆಚ್ಚು ಅಷ್ಟೆ.

ಕೊನೆಯ ತಪ್ಪು ಕಲ್ಪನೆ ನಮ್ಮವರನ್ನೇ ನೇರವಾಗಿ ತಟ್ಟುವಂಥದ್ದು. ‘ಜಾಗ ಖಾಸಗಿ, ಬಂದೂಕು ಸ್ನೇಹಿತನದು, ಪ್ರೇರಿ ಡಾಗ್‌ಗೆ ಲೈಸೆನ್ಸೇ ಬೇಡ.’ ವಯೋಮಿಂಗ್, ಮೊಂಟಾನಾಗಳಲ್ಲಿ ರಾಜ್ಯದ ಕಾನೂನಿನ ಮಟ್ಟಿಗೆ ಈ ಮಾತು ನಿಜ. ಆದರೆ ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಎಚ್-1ಬಿ, ಎಫ್-1, ಪ್ರವಾಸಿ ವೀಸಾಗಳಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಎರವಲು ತಂದದ್ದೂ ಇದಕ್ಕೆ ಒಳಪಡುತ್ತದೆ. ಇರುವ ಕೆಲವೇ ವಿನಾಯಿತಿಗಳಲ್ಲಿ ಸಾಮಾನ್ಯರಿಗೆ ಹೆಚ್ಚಾಗಿ ಸಿಗುವುದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಪ್ರಾಣಿಗೆ ಪರವಾನಗಿ ಬೇಕಿಲ್ಲದ ರಾಜ್ಯದಲ್ಲೂ ಬಂದೂಕು ಹಿಡಿಯಲು ಅದು ಬೇಕು. ತಪ್ಪಿದರೆ 15 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು, ದೇಶದಿಂದ ಹೊರಹಾಕಲೂಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧವಿಲ್ಲ.

ಹಾಗಾಗಿ ಕರೆ ಬಂದರೆ ಜೂನ್ ಮಧ್ಯದ ನಂತರ ಹೋಗೋಣ ಎಂದು ಕೇಳಿ, ಸೀಸವಿಲ್ಲದ ಗುಂಡೇ ಇರಲಿ ಎಂದು ಹೇಳಿ. ವೀಸಾದ ಮೇಲಿರುವವರು ಬೇಟೆ ಪರವಾನಗಿ ಕೈಗೆ ಬರುವ ತನಕ ಸ್ನೇಹಿತನ ರೈಫಲ್ ಮುಟ್ಟಲೇಬೇಡಿ.