ಸ್ಕ್ರೀನ್ ಪ್ರಿಂಟಿಂಗ್: ಶಾಖದಿಂದ ಬಟ್ಟೆಗೆ ಹಾನಿಯಾಗದಂತೆ ವಹಿಸಬೇಕಾದ ಎಚ್ಚರಿಕೆ

ಸಿದ್ಧ ಉಡುಪುಗಳ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಸಣ್ಣ ಘಟಕಗಳಲ್ಲಿ ಬಟ್ಟೆಯು ಸಾಮಾನ್ಯವಾಗಿ ಗ್ರಾಹಕರದ್ದಾಗಿರುತ್ತದೆ. ಆದುದರಿಂದ ಒಂದು ಟಿ-ಷರ್ಟ್ ಸುಟ್ಟರೆ ಅದರ ಬೆಲೆಯನ್ನು ಮುದ್ರಕನೇ ಭರಿಸಬೇಕಾಗುತ್ತದೆ. ಹತ್ತಾರು ಉಡುಪುಗಳ ಮುದ್ರಣ ಕೂಲಿ ಇದರಲ್ಲಿಯೇ ಕಳೆದುಹೋಗುವುದುಂಟು. ಭಟ್ಕಳ ತಾಲ್ಲೂಕಿನ ಹೆಬಳೆಯಂತಹ ಕರಾವಳಿ ಗ್ರಾಮಗಳಲ್ಲಿ ಈ ಕಸುಬನ್ನು ಕೈಗೊಳ್ಳುವವರು ಮಳೆಗಾಲದ ತೇವಾಂಶವನ್ನು ವಿಶೇಷವಾಗಿ ಗಮನದಲ್ಲಿರಿಸಿಕೊಳ್ಳುವುದು ಅವಶ್ಯಕ.

ಹತ್ತಿಯು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಶೇ. 65ರ ಸಾಪೇಕ್ಷ ಆರ್ದ್ರತೆಯಲ್ಲಿ ಅದರ ತೇವಾಂಶ ಸುಮಾರು ಶೇ. 8ರಷ್ಟಿರುತ್ತದೆ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಇದು ಇನ್ನೂ ಹೆಚ್ಚು. ಪ್ಲಾಸ್ಟಿಸಾಲ್ ಬಣ್ಣವು ಗಟ್ಟಿಗೊಳ್ಳಲು ಸಾಮಾನ್ಯವಾಗಿ 160 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ನೀರು ಆವಿಯಾಗುವವರೆಗೆ ಬಟ್ಟೆಯ ಉಷ್ಣತೆ 100 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಯಂತ್ರದ ಸೂಚಕ 160 ಎಂದು ತೋರಿಸುತ್ತಿದ್ದರೂ ಬಣ್ಣ ಹಸಿಯಾಗಿಯೇ ಉಳಿದು ಮೊದಲ ಒಗೆತದಲ್ಲೇ ಬಿಟ್ಟುಹೋಗುತ್ತದೆ. ಆಗ ಶಾಖವನ್ನು 200 ಡಿಗ್ರಿಗೆ ಏರಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಮುಂದಿನ ಕಟ್ಟಿನ ಬಟ್ಟೆ ಒಣಗಿದ್ದರೆ ಅದೇ ಶಾಖಕ್ಕೆ ಹಳದಿಗಟ್ಟಿ, ನಂತರ ಕಂದು ಬಣ್ಣಕ್ಕೆ ತಿರುಗಿ ನೂಲು ಶಕ್ತಿಗುಂದುತ್ತದೆ. ಇಂತಹ ಸಂದರ್ಭದಲ್ಲಿ ಏರಿಸಬೇಕಾದುದು ಶಾಖವನ್ನಲ್ಲ, ಸಮಯವನ್ನು. ಉಡುಪುಗಳನ್ನು ಪಾಲಿಥಿನ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುವುದು, ಮುದ್ರಣಕ್ಕೆ ಮೊದಲು ಹೀಟ್ ಪ್ರೆಸ್‌ನಲ್ಲಿ ಕೆಲವು ಸೆಕೆಂಡು ಒತ್ತಿ ತೇವವನ್ನು ಹೊರಹಾಕುವುದು ಸೂಕ್ತ.

ವಿದ್ಯುತ್ ವೋಲ್ಟೇಜ್ ಇಳಿದಾಗಲೂ ಇದೇ ತೊಂದರೆ ಉಂಟಾಗುತ್ತದೆ. ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಹೀಟರಿನ ಶಾಖ ಸುಮಾರು ಶೇ. 19ರಷ್ಟು ಕುಗ್ಗುತ್ತದೆ. ಇದನ್ನು ಸರಿದೂಗಿಸಲು ಫ್ಲ್ಯಾಶ್ ಡ್ರೈಯರನ್ನು ಬಟ್ಟೆಗೆ ಸಮೀಪ ತಂದಿದ್ದಲ್ಲಿ, ವೋಲ್ಟೇಜ್ ಮರಳಿದ ಕೂಡಲೇ ಬಟ್ಟೆ ಸುಡುವ ಸಂಭವವಿದೆ.

ಪಾಲಿಯೆಸ್ಟರ್ ಉಡುಪುಗಳ ಸ್ಥಿತಿ ಬೇರೆ. ಇವು ತೇವವನ್ನು ಅಷ್ಟಾಗಿ ಹೀರುವುದಿಲ್ಲ. ಕರಗುವುದು ಸುಮಾರು 250 ಡಿಗ್ರಿಯ ನಂತರವೇ ಆದರೂ ಹಾನಿ ಅದಕ್ಕೆ ಬಹಳ ಮೊದಲೇ ಆರಂಭವಾಗುತ್ತದೆ: ಬಟ್ಟೆಗೆ ಹಾಕಿರುವ ಬಣ್ಣ ಶಾಖಕ್ಕೆ ಆವಿಯಾಗಿ ಮುದ್ರಣದೊಳಕ್ಕೆ ಏರುತ್ತದೆ. ಕಬಡ್ಡಿ, ಕ್ರಿಕೆಟ್ ತಂಡಗಳ ಕೆಂಪು ಅಂಗಿಯ ಮೇಲಿನ ಬಿಳಿ ಅಂಕಿ ಗುಲಾಬಿಯಾಗುವುದು ಇದರಿಂದಲೇ. ಕೆಲವೊಮ್ಮೆ ಈ ಬದಲಾವಣೆ ಕೆಲವು ದಿನಗಳ ನಂತರ, ಅಂದರೆ ಉಡುಪು ಗ್ರಾಹಕರ ಕೈಸೇರಿದ ಮೇಲೆ ಕಾಣಿಸಿಕೊಳ್ಳುತ್ತದೆ. ಇವುಗಳಿಗೆ 130 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಗೊಳ್ಳುವ, ಪಾಲಿಯೆಸ್ಟರಿಗೆಂದೇ ತಯಾರಿಸಿದ ಬಣ್ಣವನ್ನು ಬಳಸತಕ್ಕದ್ದು. ಹತ್ತಿ-ಪಾಲಿಯೆಸ್ಟರ್ ಮಿಶ್ರಿತ ಬಟ್ಟೆಗೂ ಇದು ಅನ್ವಯಿಸುತ್ತದೆ. ಕಾಲರಿನ ಲೇಬಲ್ ಓದದೆ ಕೆಲಸ ಆರಂಭಿಸಬಾರದು.

ಯಂತ್ರದ ಸೂಚಕವು ಹೀಟರಿನ ಶಾಖವನ್ನು ತಿಳಿಸುತ್ತದೆಯೇ ಹೊರತು ಬಟ್ಟೆಯ ಶಾಖವನ್ನಲ್ಲ. ಬಟ್ಟೆಗೆ ಅಂಟಿಸುವ ತಾಪಮಾನ ಪಟ್ಟಿ ಅಥವಾ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಿದಲ್ಲಿ ನಿಜಸ್ಥಿತಿ ತಿಳಿಯುತ್ತದೆ. ಇನ್‌ಫ್ರಾರೆಡ್ ಹೀಟರಿನ ಕೆಳಗೆ ಕಪ್ಪು ಬಟ್ಟೆ ಬಿಳಿ ಬಟ್ಟೆಗಿಂತ ಬೇಗ ಕಾಯುವುದರಿಂದ ಒಂದಕ್ಕೆ ನಿಗದಿಪಡಿಸಿದ ಸಮಯ ಇನ್ನೊಂದಕ್ಕೆ ಹೊಂದುವುದಿಲ್ಲ. ಕೆಲಸ ಸಾಗಿದಂತೆ ಬಟ್ಟೆ ಹಾಸುವ ಹಲಗೆಯೂ ಕಾಯುತ್ತದೆ; ಬೆಳಿಗ್ಗೆ ಸರಿಯಾಗಿದ್ದ ಸಮಯ ಮಧ್ಯಾಹ್ನಕ್ಕೆ ಹೆಚ್ಚಾಗಬಹುದು.

ನೀರು ಆಧಾರಿತ ಬಣ್ಣಗಳಿಗೆ ಫಿಕ್ಸರ್ ಬೆರೆಸಿ, ತಯಾರಕರು ಸೂಚಿಸಿದಷ್ಟು ದಿನ ನೆರಳಿನಲ್ಲಿ ಆರಲು ಬಿಟ್ಟರೆ ಹೆಚ್ಚಿನ ಶಾಖವಿಲ್ಲದೆಯೂ ಮುದ್ರಣ ನಿಲ್ಲುತ್ತದೆ. ಮಳೆಗಾಲದಲ್ಲಿ ಈ ಅವಧಿಯನ್ನು ಹೆಚ್ಚಿಸಬೇಕಾಗುತ್ತದೆ. ಅವಸರದ ಕೆಲಸಕ್ಕೆ ಈ ವಿಧಾನ ಒಗ್ಗದು. ಮಳೆಯ ಕಾರಣ ಕಿಟಕಿಗಳನ್ನು ಪೂರ್ಣ ಮುಚ್ಚಿ ಬಣ್ಣ ಕಾಯಿಸುವುದೂ ಸರಿಯಲ್ಲ, ಹೊಗೆ ಹೊರಹೋಗಲು ಎಕ್ಸಾಸ್ಟ್ ಫ್ಯಾನ್ ಇರಬೇಕು.

ಆರ್ಡರ್ ಸ್ವೀಕರಿಸುವಾಗಲೇ ಪರೀಕ್ಷೆಗೆಂದು ಅದೇ ಬಟ್ಟೆಯ ಒಂದು ಹೆಚ್ಚುವರಿ ಉಡುಪನ್ನು ಗ್ರಾಹಕರಿಂದ ಪಡೆಯುವುದು ಒಳ್ಳೆಯದು. ಅದನ್ನು ಮುದ್ರಿಸಿ, ಒಂದು ದಿನ ಬಿಟ್ಟು, ಸಾಬೂನಿನಲ್ಲಿ ಒಗೆದು ನೋಡಿದ ನಂತರ ಉಳಿದ ಕಟ್ಟನ್ನು ಬಿಚ್ಚಬೇಕು. ಬಿಳಿ ಹತ್ತಿಯ ಮೇಲಿನ ತಿಳಿ ಹಳದಿ ಕಲೆ ದುರ್ಬಲ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದಿಂದ ತಗ್ಗುವ ಸಾಧ್ಯತೆಯಿದೆ. ಕಂದಾದ ಬಟ್ಟೆಯನ್ನು ಸರಿಪಡಿಸಲಾಗದು.