ಶಾಲಾಬಾಲಕರ ಕಿಲ್ಟು: ನಿಷಿದ್ಧವಸ್ತ್ರದಿಂದ ಸಮವಸ್ತ್ರಕ್ಕೆ

ಸ್ಕಾಟ್ಲೆಂಡಿನ ಕೆಲವು ವಿದ್ಯಾಶಾಲೆಗಳಲ್ಲಿ ಬಾಲಕರು ವಿಶೇಷ ದಿನಗಳಲ್ಲಿ ಧರಿಸುವ, ಸೊಂಟದಿಂದ ಮೊಣಕಾಲಿನವರೆಗೆ ಬರುವ ಉಣ್ಣೆಯ ನಿರಿಗೆಯುಡುಪಿಗೆ ಕಿಲ್ಟು ಎಂದು ಹೆಸರು. ಈ ಶಬ್ದವು ಮೊದಲು ನಾಮಪದವಾಗಿರಲಿಲ್ಲ. ಉಟ್ಟ ಬಟ್ಟೆಯನ್ನು ಮೇಲಕ್ಕೆತ್ತಿ ಸಿಕ್ಕಿಸಿಕೊಳ್ಳುವುದೆಂಬ ಅರ್ಥದ ಕ್ರಿಯಾಪದವಾಗಿ ಸ್ಕ್ಯಾಂಡಿನೇವಿಯದ ಭಾಷೆಗಳಿಂದ ಬಂದು, 18ನೆಯ ಶತಮಾನದಲ್ಲಿ ಉಡುಪಿನ ಹೆಸರಾಗಿ ನೆಲೆನಿಂತಿತು. ಶಬ್ದಕ್ಕೆ ಒದಗಿದ ಈ ಅರ್ಥಾಂತರಕ್ಕಿಂತಲೂ ಉಡುಪಿಗೆ ಒದಗಿದ ಅರ್ಥಾಂತರವು ಹೆಚ್ಚು ವಿಚಾರಾರ್ಹವಾದುದು. ಯಾವುದನ್ನು ಬಾಲಕರು ಉಡಲೇಕೂಡದೆಂದು ರಾಜಶಾಸನವು ನಿಷೇಧಿಸಿದ್ದಿತೋ ಅದನ್ನೇ ಉಡತಕ್ಕುದೆಂದು ಶಾಲೆಗಳು ವಿಧಿಸಿದುದು ಹೇಗೆ ಎಂಬುದೇ ಪ್ರಕೃತ ಪ್ರಶ್ನೆ.

ಮೊದಲು ಉಡುಪಿನ ಸ್ವರೂಪವನ್ನು ತಿಳಿಯತಕ್ಕುದು. ಹೈಲೆಂಡ್ಸ್ ಎಂಬ ಉತ್ತರದ ಬೆಟ್ಟಸೀಮೆಯ ಜನರು 16ನೆಯ ಶತಮಾನದ ಅಂತ್ಯಭಾಗದಿಂದ ಧರಿಸುತ್ತಿದ್ದುದು ಅವರ ಗೇಲಿಕ್ ಭಾಷೆಯಲ್ಲಿ ಫೇಲೆ ಮೋರ್, ಎಂದರೆ ದೊಡ್ಡ ಸುತ್ತುಡುಗೆ. ಹೊಲಿಗೆಯಿಲ್ಲದ ನೀಳವಾದ ಉಣ್ಣೆಯ ಬಟ್ಟೆಯನ್ನು ನಿರಿಗೆಹಿಡಿದು, ಸೊಂಟಪಟ್ಟಿಯಿಂದ ಬಿಗಿದು, ಮೇಲ್ಭಾಗವನ್ನು ಹೆಗಲ ಮೇಲೆ ಹೊದೆಯುತ್ತಿದ್ದರು. ಹಗಲಿನ ಉಡುಗೆಯೇ ರಾತ್ರಿಯ ಹೊದಿಕೆಯಾಗುತ್ತಿದ್ದಿತು. 18ನೆಯ ಶತಮಾನದ ಪೂರ್ವಾರ್ಧದಲ್ಲಿ, ಮೇಲ್ಭಾಗವನ್ನು ಬಿಟ್ಟು ಕೆಳಭಾಗವನ್ನಷ್ಟೇ ಉಡುವ ಫೇಲೆ ಬೆಗ್, ಎಂದರೆ ಚಿಕ್ಕ ಸುತ್ತುಡುಗೆ, ಬಳಕೆಗೆ ಬಂದಿತು. ಇದನ್ನು ಕಲ್ಪಿಸಿದವನು ಗ್ಲೆನ್‌ಗ್ಯಾರಿಯಲ್ಲಿ ಕಬ್ಬಿಣದ ಕುಲುಮೆಯನ್ನು ನಡೆಸುತ್ತಿದ್ದ ತಾಮಸ್ ರಾಲಿನ್‌ಸನ್ ಎಂಬ ಆಂಗ್ಲೇಯನೆಂದು 1785ರಲ್ಲಿ ಪ್ರಕಟವಾದ ಪತ್ರವೊಂದು ಹೇಳುತ್ತದೆ. ಇತಿಹಾಸಕಾರರಾದ ಹ್ಯೂ ಟ್ರೆವರ್-ರೋಪರ್ ಅವರು 1983ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಈ ಪತ್ರವನ್ನು ಮುಂದಿಟ್ಟು, ಕಿಲ್ಟಿನ ಪ್ರಾಚೀನತೆಯು ಕಲ್ಪಿತವೆಂದು ವಾದಿಸಿದರು. ಚಿಕ್ಕ ಸುತ್ತುಡುಗೆಯು ರಾಲಿನ್‌ಸನ್ನನಿಗಿಂತ ಮೊದಲೇ ಇದ್ದಿತೆಂದು ಇತರರು ಪ್ರತಿವಾದಿಸಿದ್ದಾರೆ. ಇಂದಿನ ಕಿಲ್ಟಿನಲ್ಲಿ ನಿರಿಗೆಗಳನ್ನು ಹಿಂಭಾಗದಲ್ಲಿ ಹೊಲಿದು ನಿಲ್ಲಿಸಿರುತ್ತಾರೆ. ಮುಂಭಾಗದಲ್ಲಿ ನಿರಿಗೆಯಿಲ್ಲದ ಎರಡು ಅಂಚುಗಳು ಒಂದರ ಮೇಲೊಂದು ಬಂದು ಪಟ್ಟಿಗಳಿಂದ ಬಿಗಿಯಲ್ಪಡುತ್ತವೆ. ಬೆಳೆದವರ ಪೂರ್ಣ ಕಿಲ್ಟಿಗೆ ಸುಮಾರು 8 ಗಜ ಬಟ್ಟೆ ಬೇಕಾಗುತ್ತದೆ.

ಇನ್ನು ನಿಷೇಧದ ವಿಚಾರ. ಪದಚ್ಯುತವಾದ ಸ್ಟೂಅರ್ಟ್ ರಾಜವಂಶದ ಪಕ್ಷದವರು 1745ರಲ್ಲಿ ದಂಗೆಯೆದ್ದು, 1746ರ ಏಪ್ರಿಲ್ 16ರಂದು ಕಲ್ಲೋಡನ್ ಯುದ್ಧದಲ್ಲಿ ಸೋತರು. ಅವರ ಸೈನ್ಯದಲ್ಲಿ ಹೈಲೆಂಡಿನವರು ಬಹುಮಂದಿ ಇದ್ದುದರಿಂದ, ಅದೇ ವರ್ಷ ಪಾರ್ಲಿಮೆಂಟು ಅವರ ಉಡುಪನ್ನೇ ನಿಷೇಧಿಸಿತು. 1747ರ ಆಗಸ್ಟ್ 1ರಿಂದ ಸ್ಕಾಟ್ಲೆಂಡಿನಲ್ಲಿ ಪುರುಷನಾಗಲಿ ಬಾಲಕನಾಗಲಿ ಅದನ್ನು ಧರಿಸಿದರೆ ಮೊದಲನೆಯ ಅಪರಾಧಕ್ಕೆ 6 ತಿಂಗಳ ಸೆರೆ, ಎರಡನೆಯದಕ್ಕೆ 7 ವರ್ಷಗಳ ದ್ವೀಪಾಂತರವಾಸ. ಈ ನಿಷೇಧಕ್ಕೆ ಒಂದು ಪರ್ಯುದಾಸವಿದ್ದಿತು: ರಾಜಸೈನ್ಯದಲ್ಲಿರುವ ಅಧಿಕಾರಿಗಳಿಗೂ ಯೋಧರಿಗೂ ಇದು ಅನ್ವಯಿಸತಕ್ಕುದಲ್ಲ.

ಮುಂದಿನ ಚರಿತ್ರೆಯೆಲ್ಲವೂ ಈ ಪರ್ಯುದಾಸದಿಂದಲೇ ಹುಟ್ಟಿತೆನ್ನಬಹುದು. ಮನೆಯಲ್ಲಿ ಅಪರಾಧವಾದ ಉಡುಪು ಸೈನ್ಯದಲ್ಲಿ ಗೌರವದ ಲಾಂಛನವಾಯಿತು. 1782ರಲ್ಲಿ ಶಾಸನವು ರದ್ದಾಗುವ ಹೊತ್ತಿಗೆ, ದಂಗೆಕೋರರ ವಸ್ತ್ರವೆಂದು ಎಣಿಸಲ್ಪಟ್ಟಿದ್ದುದು ರಾಜನಿಷ್ಠ ಯೋಧರ ವಸ್ತ್ರವೆಂದು ಪ್ರಸಿದ್ಧವಾಗಿದ್ದಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯು ಎಡಿನ್‌ಬರೋ ನಗರಕ್ಕೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನ ಏರ್ಪಾಡಿನಂತೆ ದೊರೆಯೂ ಅದನ್ನೇ ಧರಿಸಿದನು. ಸೈನ್ಯದಿಂದ ಬಾಲಕರಿಗೆ ಇದು ಸಂಕ್ರಮಿಸಿದ ದಾರಿಯೂ ಸ್ಪಷ್ಟವಾಗಿದೆ. ಯುದ್ಧದಲ್ಲಿ ಮಡಿದ ಅಥವಾ ಅಂಗಹೀನರಾದ ಸ್ಕಾಟಿಷ್ ಯೋಧರ ಮಕ್ಕಳಿಗಾಗಿ 1815ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಕ್ಯಾಲೆಡೋನಿಯನ್ ಅಸೈಲಮ್ ಎಂಬ ಸಂಸ್ಥೆಯ ಬಾಲಕರು ಹೈಲೆಂಡ್ ಉಡುಪನ್ನು ಧರಿಸುತ್ತಿದ್ದರು. ಡನ್‌ಬ್ಲೇನಿನ ಕ್ವೀನ್ ವಿಕ್ಟೋರಿಯಾ ಶಾಲೆಯೂ ಇದೇ ಜಾತಿಯದು. ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಮಡಿದ ಸ್ಕಾಟಿಷ್ ಯೋಧರ ಸ್ಮರಣೆಯನ್ನೂ ರಾಣಿಯ ಸ್ಮರಣೆಯನ್ನೂ ಉದ್ದೇಶಿಸಿ ಕಟ್ಟಲ್ಪಟ್ಟ ಆ ಶಾಲೆಯನ್ನು 1908ರ ಸೆಪ್ಟೆಂಬರ್ 28ರಂದು ಏಳನೆಯ ಎಡ್ವರ್ಡ್ ದೊರೆಯು ತೆರೆದನು. ಅಲ್ಲಿ ಕಿಲ್ಟನ್ನುಟ್ಟ ಬಾಲಕನು ವಾಸ್ತವವಾಗಿ ತಂದೆಯ ಸೇವೆಯನ್ನೇ ಉಟ್ಟಂತೆ.

ಅದೇ ವರ್ಷ, ಅದೇ ತಿಂಗಳ 8ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಇನ್ನೊಂದು ಶಾಲೆಯು ಪ್ರಾರಂಭವಾಯಿತು. ಅದು ಪ್ಯಾಟ್ರಿಕ್ ಪಿಯರ್ಸನು ಐರಿಷ್ ಭಾಷಾಸಂಸ್ಕೃತಿಗಳ ಪುನರುಜ್ಜೀವನಕ್ಕಾಗಿ ಸ್ಥಾಪಿಸಿದ ಸೇಂಟ್ ಎಂಡಾ ಶಾಲೆ. ಅಲ್ಲಿಯ ಬಾಲಕರೂ ಉತ್ಸವಗಳಲ್ಲಿ ಕಿಲ್ಟನ್ನುಟ್ಟರು. ಆದರೆ ಅಲ್ಲಿ ಅದರ ಅರ್ಥವು ರಾಜಸೇವೆಯಲ್ಲ, ಸ್ವರಾಷ್ಟ್ರಾಭಿಮಾನ. ಬ್ರಿಟಿಷ್ ಪ್ರಭುತ್ವದ ವಿರುದ್ಧ ದಂಗೆಯ ನಾಯಕನಾಗಿ ಪಿಯರ್ಸನು 1916ರಲ್ಲಿ ಮರಣದಂಡನೆಗೆ ಗುರಿಯಾದನು. ಐರ್ಲೆಂಡಿನ ಪ್ರಾಚೀನ ಉಡುಪಾದರೋ ಲೇನೆ ಎಂಬ ನಿಲುವಂಗಿ ಮತ್ತು ಬ್ರತ್ ಎಂಬ ಮೇಲ್ಹೊದಿಕೆ, ಕಿಲ್ಟಲ್ಲ.

ರೂಢಿಯು ಯೋಗಾರ್ಥವನ್ನು ಮೀರುವುದೆಂಬ ಶಾಬ್ದಿಕರ ನ್ಯಾಯವು ಇಲ್ಲಿ ಉಡುಪಿಗೂ ಸಲ್ಲುತ್ತದೆ. ಒಂದೇ ತಿಂಗಳಲ್ಲಿ ತೆರೆದ ಎರಡು ಶಾಲೆಗಳಲ್ಲಿ ಒಂದೇ ವಸ್ತ್ರವು ಪರಸ್ಪರವಿರುದ್ಧವಾದ ಅರ್ಥಗಳನ್ನು ಹೇಳಿತು. ಆ ಅರ್ಥಗಳು ನೂಲಿನಿಂದಲೂ ನಿರಿಗೆಯಿಂದಲೂ ಬಂದುವಲ್ಲ, ಉಡಿಸಿದ ಸಂಸ್ಥೆಯಿಂದ ಬಂದುವು. ಇಂದಿಗೂ ಆ ಅರ್ಥವು ಚಲಿಸುತ್ತಲೇ ಇದೆ. ಡನ್‌ಬ್ಲೇನಿನ ಶಾಲೆಯು 1996ರಿಂದ ಬಾಲಿಕೆಯರನ್ನೂ ಸೇರಿಸಿಕೊಂಡಿದೆ. ಅನೇಕ ದೇಶಗಳಲ್ಲಿ ಚೌಕಳಿಯ ನಿರಿಗೆಲಂಗವು ಶಾಲಾಬಾಲಿಕೆಯರ ಉಡುಪೆಂದೇ ಪ್ರಸಿದ್ಧವಾಗಿದೆ. ಆದುದರಿಂದ ಸಮವಸ್ತ್ರದ ಗೌರವವನ್ನು ಅದರ ಪ್ರಾಚೀನತೆಯ ಮೇಲೆ ನಿಲ್ಲಿಸುವುದು ಆವಶ್ಯಕವೂ ಅಲ್ಲ, ಕ್ಷೇಮವೂ ಅಲ್ಲ. ಕಿಲ್ಟು ಅನಾದಿಯೆಂದು ಬಾಲಕನಿಗೆ ಹೇಳುವುದಕ್ಕಿಂತ, ಅವನ ವಯಸ್ಸಿನವರು ಅದನ್ನುಟ್ಟರೆ ಸೆರೆಯಾಗುತ್ತಿದ್ದ ಕಾಲವೊಂದಿದ್ದಿತೆಂದು ಹೇಳುವುದು ಸತ್ಯವೂ ಹೌದು, ಹೆಚ್ಚಿನ ಶಿಕ್ಷಣವೂ ಹೌದು.