ಹಸುವಿಗೆ ಹುಟ್ಟಿದ ಕೊಂಬಿಲ್ಲದ ಕಪ್ಪು ಕರು: ಅಮೆರಿಕದ ‘ಲ್ಯಾಬ್ ದನ’ದ ಕಥೆಯಲ್ಲಿ ನಿಜವೆಷ್ಟು?

ಕಪ್ಪು-ಬಿಳುಪು ಮಚ್ಚೆಯ ಹಸು, ಪಕ್ಕದಲ್ಲಿ ಅಚ್ಚ ಕಪ್ಪು ಬಣ್ಣದ ಕರು. ಮುಂದಿನ ದೃಶ್ಯದಲ್ಲಿ ಬಯಲಿನ ತುಂಬ ಸಾಲು ಸಾಲು ಬಿಳಿ ಗೂಡುಗಳು, ಒಂದೊಂದರಲ್ಲೂ ಒಂದೊಂದು ಕರು. ಕೆಳಗೊಂದು ಸಂದೇಶ: “ಅಮೆರಿಕದಲ್ಲಿ ಲ್ಯಾಬ್‌ನಲ್ಲಿ ಜೀನ್ ಬದಲಿಸಿ ಹುಟ್ಟಿಸಿದ ದನ. ಹಾರ್ಮೋನ್ ಚುಚ್ಚಿ ಆರೇ ತಿಂಗಳಲ್ಲಿ ಕೊಬ್ಬಿಸುತ್ತಾರೆ. ಇದರ ವೀರ್ಯ ನಮ್ಮ ಹಳ್ಳಿಗೂ ಬಂದಿದೆ. ಎಲ್ಲರಿಗೂ ಕಳಿಸಿ.”

ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನಿಜ ಏನೆಂದು ಒಂದೊಂದಾಗಿ ನೋಡೋಣ. ದನದ ಮಾಂಸ ತಿನ್ನುವುದು ಸರಿಯೇ, ತಪ್ಪೇ ಎಂಬುದು ಅವರವರ ನಂಬಿಕೆಗೆ ಬಿಟ್ಟದ್ದು. ನಾವು ಇಲ್ಲಿ ಪರಿಶೀಲಿಸುತ್ತಿರುವುದು ಸಂದೇಶದಲ್ಲಿರುವ ಮಾತುಗಳನ್ನು ಮಾತ್ರ.

ಚಿಕ್ಕ ಉತ್ತರ: ಕರು ನಿಜ, ಗೂಡುಗಳೂ ನಿಜ. ‘ಲ್ಯಾಬ್ ದನ’ ಎಂಬುದು ಸುಳ್ಳು. ಹಾರ್ಮೋನ್ ಮಾತು ಅರ್ಧ ನಿಜ. ಆದರೆ ನಿಜವಾಗಿ ಕಾಳಜಿ ಮಾಡಬೇಕಾದ ವಿಷಯವೇ ಸಂದೇಶದಲ್ಲಿ ಇಲ್ಲ. ಅದು ನಮ್ಮೂರಿನ ಕೊಟ್ಟಿಗೆಗೂ ಸಂಬಂಧಪಟ್ಟಿದೆ.

1. ಕರು ಯಾಕೆ ಕಪ್ಪು? ಕೊಂಬು ಯಾಕಿಲ್ಲ?

ತಾಯಿ ಹೋಲ್‌ಸ್ಟೀನ್, ನಾವು ಎಚ್‌ಎಫ್ ಎಂದು ಕರೆಯುವ ಹಾಲಿನ ತಳಿ. ತಂದೆ ಹೆಚ್ಚಾಗಿ ಆಂಗಸ್, ಸ್ಕಾಟ್ಲೆಂಡ್ ಮೂಲದ ಮಾಂಸದ ತಳಿ. ಆಂಗಸ್ ಹುಟ್ಟಿನಿಂದಲೇ ಕಪ್ಪು, ಹುಟ್ಟಿನಿಂದಲೇ ಕೊಂಬಿಲ್ಲದ್ದು.

ಮೈಯೆಲ್ಲ ಒಂದೇ ಬಣ್ಣ ಇರುವ ಗುಣ, ಮಚ್ಚೆ ಇರುವ ಗುಣಕ್ಕಿಂತ ಪ್ರಬಲ. ಕೊಂಬಿಲ್ಲದ ಗುಣವೂ ಹಾಗೆಯೇ. ಅಪ್ಪನಿಂದ ಒಂದು ಪ್ರತಿ ಬಂದರೂ ಸಾಕು, ಕರುವಿನಲ್ಲಿ ಅದೇ ಕಾಣುತ್ತದೆ. ಹಾಗಾಗಿ ಮಚ್ಚೆಯ ಹಸುವಿಗೆ ಕಪ್ಪು ಕರು ಹುಟ್ಟುತ್ತದೆ. ಹೊಟ್ಟೆಯ ಕೆಳಗೆ ಒಂದಿಷ್ಟು ಬಿಳಿ ಉಳಿಯುವುದೂ ಉಂಟು. ಹೈಸ್ಕೂಲಿನಲ್ಲಿ ಮೆಂಡೆಲನ ಬಟಾಣಿ ಗಿಡದ ಪಾಠ ಓದಿದ್ದೀರಲ್ಲ, ಇದು ಅದೇ ಲೆಕ್ಕ.

ಗರ್ಭ ನಿಲ್ಲಿಸುವ ವಿಧಾನವೂ ಹೊಸದಲ್ಲ. ಹಸು ಬೆದೆಗೆ ಬಂದಾಗ ನಮ್ಮ ಪಶು ಆಸ್ಪತ್ರೆಯಲ್ಲಿ ಮಾಡುವ ಕೃತಕ ಗರ್ಭಧಾರಣೆಯೇ ಅಲ್ಲೂ ನಡೆಯುತ್ತದೆ. ವೀರ್ಯದ ಕಡ್ಡಿ ಬೇರೆ ತಳಿಯದು, ಅಷ್ಟೇ. ಕರು ಮಿಶ್ರತಳಿಯದು ಎಂಬ ಕಾರಣಕ್ಕೆ ತಾಯಿಯ ಹಾಲು ಕೆಡುವುದೂ ಇಲ್ಲ.

ಹಾಗಾದರೆ ಜೀನ್ ತಿದ್ದಿದ ದನಗಳೇ ಇಲ್ಲವೇ? ಇವೆ. ಸೆಖೆ ತಡೆಯಲು ಮೈಕೂದಲು ಗಿಡ್ಡವಾಗುವಂತೆ ಜೀನ್ ತಿದ್ದಿದ ದನಗಳಿಂದ ಅಪಾಯ ಕಡಿಮೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2022ರ ಮಾರ್ಚ್‌ನಲ್ಲಿ ಹೇಳಿತು. ಅದು ಬೇರೆಯೇ ವಿಷಯ. ಡೈರಿ ಹಸುಗಳಿಗೆ ಹುಟ್ಟುವ ಈ ಕಪ್ಪು ಕರುಗಳು ಸಾಮಾನ್ಯ ಮಿಶ್ರತಳಿಗಳು.

2. ಡೈರಿಯವರಿಗೆ ಮಾಂಸದ ತಳಿ ಯಾಕೆ ಬೇಕಾಯಿತು?

ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು. ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧ ಗಂಡು. ಗಂಡು ಎಚ್‌ಎಫ್ ಕರುವಿಗೆ ಎತ್ತರ, ಮೂಳೆ ಹೆಚ್ಚು, ಮೈ ತುಂಬುವುದು ಕಡಿಮೆ. ಹಾಗಾಗಿ ಅಮೆರಿಕದ ಮಾಂಸದ ಮಾರುಕಟ್ಟೆಯಲ್ಲೂ ಅದಕ್ಕೆ ಬೆಲೆ ಕಡಿಮೆ. 2016ರ ಕೊನೆಯಲ್ಲಿ ಟೈಸನ್ ಕಂಪನಿ ಇಲಿನಾಯ್ ರಾಜ್ಯದ ತನ್ನ ಜೋಸ್ಲಿನ್ ಘಟಕಕ್ಕೆ ಎಚ್‌ಎಫ್ ಹೋರಿಗಳನ್ನು ಕೊಳ್ಳುವುದನ್ನೇ ನಿಲ್ಲಿಸಿತು.

ಅದೇ ಹೊತ್ತಿಗೆ ಇನ್ನೊಂದು ತಂತ್ರಜ್ಞಾನ ಕೈಗೆಟುಕುವಂತಾಗಿತ್ತು. ಹೆಣ್ಣು ಕರುವಿಗೆ ಕಾರಣವಾಗುವ ವೀರ್ಯಾಣುವಿನಲ್ಲಿ ಗಂಡಿನದಕ್ಕಿಂತ ಸುಮಾರು 4 ಶೇಕಡ ಹೆಚ್ಚು ಡಿಎನ್‌ಎ ಇರುತ್ತದೆ. ವೀರ್ಯಕ್ಕೆ ಹೊಳೆಯುವ ಬಣ್ಣ ಹಚ್ಚಿ, ಲೇಸರ್ ಬೆಳಕಿನಲ್ಲಿ ಹಾಯಿಸಿದರೆ ಯಂತ್ರ ಇವೆರಡನ್ನೂ ಬೇರ್ಪಡಿಸುತ್ತದೆ. ಈ ‘ಲಿಂಗ ನಿರ್ಧರಿತ ವೀರ್ಯ’ ಕೊಟ್ಟರೆ ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣು ಕರುಗಳೇ ಹುಟ್ಟುತ್ತವೆ.

ಲೆಕ್ಕ ಬದಲಾಯಿತು. ಹಾಲಿನ ಮುಂದಿನ ಪೀಳಿಗೆಗೆ ಬೇಕಾದಷ್ಟು ಹೆಣ್ಣು ಕರುಗಳನ್ನು ಒಳ್ಳೆಯ ಹಸುಗಳಿಂದ ಪಡೆದರೆ ಸಾಕು. ಉಳಿದ ಹಸುಗಳಿಗೆ ಆಂಗಸ್ ವೀರ್ಯ ಕೊಟ್ಟರೆ ಹುಟ್ಟುವ ಕರುವಿಗೆ ಒಳ್ಳೆಯ ಬೆಲೆ. 2023ರಲ್ಲಿ ಅಮೆರಿಕದ ಡೈರಿ ಫಾರ್ಮ್‌ಗಳಿಗೆ ಮಾರಾಟವಾದ ಮಾಂಸದ ತಳಿಯ ವೀರ್ಯ ಸುಮಾರು 79 ಲಕ್ಷ ಡೋಸ್.

ಬೆಲೆ ಏರಲು ಇನ್ನೊಂದು ಕಾರಣವೂ ಇದೆ. ವರ್ಷಗಟ್ಟಲೆ ಬರ ಬಿದ್ದು ಅಲ್ಲಿನ ದನಗಳ ಸಂಖ್ಯೆ ಕುಸಿದಿದೆ. 2025ರ ಜನವರಿ 1ರಂದು ಇದ್ದದ್ದು 8.67 ಕೋಟಿ, 1951ರ ನಂತರ ಆವರೆಗಿನ ಅತಿ ಕಡಿಮೆ ಸಂಖ್ಯೆ. ಆ ವರ್ಷ ಹುಟ್ಟಿ ಕೆಲವೇ ದಿನವಾದ ಮಿಶ್ರತಳಿ ಕರುವಿನ ಬೆಲೆ ಹಲವು ಕಡೆ ಸಾವಿರ ಡಾಲರ್ ದಾಟಿತು. ಇದರ ಹಿಂದಿರುವುದು ಲ್ಯಾಬಿನ ಗುಟ್ಟಲ್ಲ, ಸಂತೆಯ ಲೆಕ್ಕಾಚಾರ.

3. ಆ ಬಿಳಿ ಗೂಡುಗಳು ಏನು?

ಎಷ್ಟೋ ಕರುಗಳು ಹುಟ್ಟಿದ ಫಾರ್ಮ್‌ನಲ್ಲಿ ಉಳಿಯುವುದಿಲ್ಲ. ಕೆಲವೇ ದಿನಗಳಲ್ಲಿ ಕರು ಸಾಕುವುದನ್ನೇ ಕಸುಬಾಗಿಸಿಕೊಂಡ ದೊಡ್ಡ ಫಾರ್ಮ್‌ಗಳಿಗೆ ಹೋಗುತ್ತವೆ. ವಿಡಿಯೊದಲ್ಲಿ ಕಾಣುವ ಪ್ಲಾಸ್ಟಿಕ್ ಅಥವಾ ಫೈಬರ್ ಗೂಡುಗಳು ಅಲ್ಲಿನವು.

ಗೂಡು ಮಾಡಿದ್ದು ಹಿಂಸೆ ಕೊಡಲೆಂದಲ್ಲ, ರೋಗ ಹರಡದಿರಲಿ ಎಂದು. ಎಳೆಗರುಗಳನ್ನು ಕೊಲ್ಲುವುದು ಮುಖ್ಯವಾಗಿ ಎರಡು: ಬೇಧಿ ಮತ್ತು ನ್ಯುಮೋನಿಯಾ. ಮೂತಿಗೆ ಮೂತಿ ತಾಗದಿದ್ದರೆ ಇವು ಹರಡುವುದು ತಗ್ಗುತ್ತದೆ. ಹಾಲು, ನೀರು, ಕಾಳಿನ ಆಹಾರ ಪ್ರತಿ ಗೂಡಿಗೂ ಬೇರೆ ಬೇರೆ. ಆರರಿಂದ ಎಂಟು ವಾರಕ್ಕೆ ಹಾಲು ಬಿಡಿಸಿ ಕರುಗಳನ್ನು ಗುಂಪಿಗೆ ಸೇರಿಸುತ್ತಾರೆ.

ಹಾಗೆಂದು ಎಲ್ಲವೂ ಸರಿ ಎಂದಲ್ಲ. ಜೋಡಿಯಾಗಿ ಬೆಳೆದ ಕರುಗಳು ಹೊಸ ಮೇವಿಗೆ, ಹೊಸ ಜಾಗಕ್ಕೆ ಬೇಗ ಹೊಂದಿಕೊಳ್ಳುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಯುರೋಪಿನ ಒಕ್ಕೂಟದ ನಿಯಮದ ಪ್ರಕಾರ ಎಂಟು ವಾರ ದಾಟಿದ ಕರುವನ್ನು ಒಂಟಿಯಾಗಿ ಕೂಡುವಂತಿಲ್ಲ.

4. ಹಾರ್ಮೋನ್ ಚುಚ್ಚಿ ಆರು ತಿಂಗಳಲ್ಲಿ?

ಆರು ತಿಂಗಳು ಎಂಬುದು ಸುಳ್ಳು. ಐದಾರು ತಿಂಗಳಿಗೆ ಕರು ಸುಮಾರು 200 ಕೆ.ಜಿ. ತೂಗುತ್ತದೆ. ಆಮೇಲೆ ಟೆಕ್ಸಾಸ್, ಕಾನ್ಸಾಸ್, ನೆಬ್ರಾಸ್ಕದಂಥ ರಾಜ್ಯಗಳ ಫೀಡ್‌ಲಾಟ್‌ಗೆ ಹೋಗುತ್ತದೆ. ಫೀಡ್‌ಲಾಟ್ ಎಂದರೆ ಬೇಲಿ ಹಾಕಿದ ಅಂಕಣಗಳಲ್ಲಿ ಸಾವಿರಾರು ದನಗಳಿಗೆ ಮುಖ್ಯವಾಗಿ ಜೋಳದ, ಅಂದರೆ ಮೆಕ್ಕೆಜೋಳದ, ಆಹಾರ ಕೊಟ್ಟು ತೂಕ ಹೆಚ್ಚಿಸುವ ಜಾಗ. ಕಸಾಯಿಖಾನೆಗೆ ಹೋಗುವಾಗ ವಯಸ್ಸು ಸಾಮಾನ್ಯವಾಗಿ 14ರಿಂದ 16 ತಿಂಗಳು, ತೂಕ 650 ಕೆ.ಜಿ. ಆಸುಪಾಸು.

ಹಾರ್ಮೋನ್ ಬಳಸುವುದು ನಿಜ. ಅದು ದಿನಾ ಚುಚ್ಚುವ ಇಂಜೆಕ್ಷನ್ ಅಲ್ಲ. ಕಿವಿಯ ಹಿಂಭಾಗದ ಚರ್ಮದ ಕೆಳಗೆ ಇಡುವ ಸಣ್ಣ ಗುಳಿಗೆ, ನಿಧಾನವಾಗಿ ಕರಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಅನುಮತಿ ಇದೆ. ಯುರೋಪಿನ ಒಕ್ಕೂಟ ಇದನ್ನು ಒಪ್ಪುವುದಿಲ್ಲ, 1989ರಿಂದ ಅಂಥ ಮಾಂಸದ ಆಮದನ್ನೂ ತಡೆದಿದೆ. ಭಾರತಕ್ಕಂತೂ ದನದ ಮಾಂಸದ ಆಮದೇ ನಿಷಿದ್ಧ.

5. ಸಂದೇಶ ಹೇಳದೆ ಬಿಟ್ಟ ಮಾತು

ಈ ಕರುಗಳ ಬದುಕಿನಲ್ಲಿ ನಿಜವಾದ ತೊಂದರೆಗಳು ಮೂರು.

ಒಂದು, ಯಕೃತ್ತು. ಮಾಂಸದ ತಳಿಯ ಕರು ಆರೆಂಟು ತಿಂಗಳು ತಾಯಿಯ ಜೊತೆ ಹುಲ್ಲುಗಾವಲಿನಲ್ಲಿ ಬೆಳೆಯುತ್ತದೆ. ಡೈರಿಯಲ್ಲಿ ಹುಟ್ಟಿದ ಕರು ಎಳವೆಯಿಂದಲೇ ಕಾಳು ತಿನ್ನುತ್ತದೆ. ಕಾಳು ಜಾಸ್ತಿ, ಹುಲ್ಲು ಕಡಿಮೆ ಆದರೆ ಹೊಟ್ಟೆಯಲ್ಲಿ ಆಮ್ಲ ಏರಿ ಒಳಗೋಡೆ ಹುಣ್ಣಾಗುತ್ತದೆ. ಅಲ್ಲಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಯಕೃತ್ತಿನಲ್ಲಿ ಕೀವು ಕಟ್ಟುತ್ತದೆ. ಡೈರಿ ರಕ್ತದ ದನಗಳಲ್ಲಿ ಇದು ಹೆಚ್ಚು. ಇದನ್ನು ತಡೆಯಲು ಮೇವಿಗೆ ಟೈಲೋಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸುತ್ತಾರೆ. 2017ರಿಂದ ಅದಕ್ಕೆ ಪಶುವೈದ್ಯರ ಲಿಖಿತ ಆದೇಶ ಕಡ್ಡಾಯ.

ಎರಡು, ಪ್ರಯಾಣ. ಹೊಕ್ಕುಳು ಇನ್ನೂ ಒಣಗದ ಕರುಗಳನ್ನು ನೂರಾರು ಮೈಲಿ ಲಾರಿಯಲ್ಲಿ ಸಾಗಿಸುತ್ತಾರೆ. ಅಮೆರಿಕದ ಕಾನೂನು ದನಗಳನ್ನು ಮೇವು, ನೀರಿಗೆ ಇಳಿಸದೆ 28 ಗಂಟೆಯವರೆಗೆ ಒಯ್ಯಲು ಬಿಡುತ್ತದೆ. ಪಕ್ಕದ ಕೆನಡಾದಲ್ಲಿ ಎಳೆಗರುಗಳಿಗೆ ಮಿತಿ 12 ಗಂಟೆ.

ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು, ಗಿಣ್ಣುಹಾಲು. ಮನುಷ್ಯರ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ರೋಗನಿರೋಧಕ ಅಂಶಗಳನ್ನು ಪಡೆಯುತ್ತದೆ. ಕರುವಿಗೆ ಆ ಭಾಗ್ಯ ಇಲ್ಲ. ಹಸುವಿನ ಮಾಸು ಅವುಗಳನ್ನು ದಾಟಲು ಬಿಡುವುದಿಲ್ಲ. ಕರುವಿಗೆ ಅವು ಸಿಗುವುದು ಗಿಣ್ಣುಹಾಲಿನಿಂದ ಮಾತ್ರ. ಅವನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಮೊದಲ ಕೆಲವು ಗಂಟೆ. ಗಂಟೆ ಕಳೆದಂತೆ ಅದು ಇಳಿಯುತ್ತದೆ, ಒಂದು ದಿನದ ಹೊತ್ತಿಗೆ ಬಾಗಿಲು ಮುಚ್ಚಿದಂತೆ. ಬೇರೆಯವರಿಗೆ ಮಾರಿಹೋಗುವ ಕರು ತಾನೇ ಎಂದು ಹುಟ್ಟಿದಲ್ಲಿ ಗಿಣ್ಣು ಸರಿಯಾಗಿ ಕುಡಿಸದಿದ್ದರೆ, ಮುಂದೆ ಎಷ್ಟೇ ಔಷಧ ಕೊಟ್ಟರೂ ಆ ನಷ್ಟ ತುಂಬುವುದಿಲ್ಲ.

6. ‘ಇದರ ವೀರ್ಯ ನಮ್ಮ ಹಳ್ಳಿಗೂ ಬಂದಿದೆ’?

ಕೋಲಾರ, ಮಂಡ್ಯ, ತುಮಕೂರಿನ ಕೊಟ್ಟಿಗೆಗಳಲ್ಲಿ ಎಚ್‌ಎಫ್, ಜರ್ಸಿ ಮಿಶ್ರತಳಿಗಳು ದಶಕಗಳಿಂದ ಇವೆ. ಅವೆಲ್ಲ ಹಾಲಿಗಾಗಿ ಮಾಡಿದ ಮಿಶ್ರಣ. ಆಂಗಸ್ ಮಿಶ್ರಣದ ಲಾಭವೆಲ್ಲ ಮಾಂಸದ ಮಾರುಕಟ್ಟೆಯಲ್ಲಿ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾನೂನಿನಡಿ ಹಸು, ಹೋರಿ, ಕರು ಯಾವುದನ್ನೂ ವಧೆಗೆ ಕಳಿಸುವಂತಿಲ್ಲ. ಹಾಲೂ ಕಡಿಮೆ, ಮಾರಲೂ ಆಗದ ಕರು ಇಲ್ಲಿನ ರೈತನಿಗೆ ಯಾಕೆ ಬೇಕು?

ನಮ್ಮಲ್ಲಿ ಬಂದಿರುವುದು ಲಿಂಗ ನಿರ್ಧರಿತ ವೀರ್ಯ. ರಾಷ್ಟ್ರೀಯ ಗೋಕುಲ್ ಮಿಷನ್ ಅಡಿಯಲ್ಲಿ ಸರ್ಕಾರವೇ ಇದಕ್ಕೆ ಸಹಾಯಧನ ಕೊಡುತ್ತದೆ. ಗಂಡು ಕರುವಿನ ಸಮಸ್ಯೆಗೆ ಇಲ್ಲಿ ಇರುವ ದಾರಿ ಅದು. ‘ಲ್ಯಾಬ್ ವೀರ್ಯ’ ಎಂದು ಹೆದರಿ ರೈತರು ಅದನ್ನು ಬಿಟ್ಟರೆ ನಷ್ಟ ಅವರಿಗೇ. ಅನುಮಾನ ಇದ್ದರೆ ಗರ್ಭಧಾರಣೆ ಮಾಡಲು ಬಂದವರ ಬಳಿ ಕಡ್ಡಿ ತೋರಿಸಲು ಹೇಳಿ. ತಳಿ, ಹೋರಿಯ ಸಂಖ್ಯೆ, ಕೇಂದ್ರದ ಗುರುತು ಅದರ ಮೇಲೆಯೇ ಅಚ್ಚಾಗಿರುತ್ತದೆ.

7. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

“ಮಾಸು ಬೀಳುವವರೆಗೆ ಕರುವಿಗೆ ಹಾಲು ಕುಡಿಸಬಾರದು” ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಇದು ತಪ್ಪು. ಮಾಸು ಬೀಳಲು ಹಲವು ಗಂಟೆ ಹಿಡಿಯಬಹುದು, ಕರುವಿಗೆ ಬೇಕಾದದ್ದು ಅದೇ ಗಂಟೆಗಳು. ಕರು ಕೆಚ್ಚಲು ಚೀಪಿದರೆ ಮಾಸು ಬೀಳಲು ಸಹಾಯವೇ ಆಗುತ್ತದೆ.

ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಲೆಕ್ಕ ಸುಲಭ: ಕರುವಿನ ತೂಕದ ಹತ್ತನೇ ಒಂದು ಭಾಗ. 30 ಕೆ.ಜಿ. ಕರುವಿಗೆ 3 ಲೀಟರ್. ಒಂದೇ ಸಲ ಕುಡಿಯದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕುಡಿಸಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಗಂಡು ಕರುವಿಗೂ ಇದೇ ಲೆಕ್ಕ, ಅದರಲ್ಲಿ ಭೇದ ಬೇಡ.

ಗಿಣ್ಣಿನ ಸಿಹಿ ಯಾರಿಗೆ ಇಷ್ಟವಿಲ್ಲ ಹೇಳಿ? ಬೆಲ್ಲ, ಏಲಕ್ಕಿ ಹಾಕಿ ಮಾಡಿ, ನೆರೆಮನೆಗೂ ಹಂಚಿ. ಆದರೆ ಮೊದಲ ಪಾಲು ಕರುವಿನದು. ಅದರ ಹೊಟ್ಟೆ ತುಂಬಿದ ಮೇಲೆ ಉಳಿದದ್ದು ನಮ್ಮ ಪಾತ್ರೆಗೆ.